ಕುರಿಯ ಅಂಡಾಶಯ ತೋರಿದ ದಾರಿ
ಅಂಡಾಶಯವನ್ನು ಶೈತ್ಯದಲ್ಲಿ ಕಾಪಿಟ್ಟು ಮತ್ತೆ ಕಸಿಮಾಡುವ ವಿದ್ಯೆಯ ಚರಿತ್ರೆ ಇಲಿಯಿಂದ ಶುರುವಾಗುತ್ತದೆ. ಅದಕ್ಕೆ ಬುನಾದಿಯಾಗಿ 1949ರಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳು ವೀರ್ಯಾಣುಗಳನ್ನು ಹಿಮದ ಹೊಡೆತದಿಂದ ಗ್ಲಿಸರಾಲ್ ಕಾಯುತ್ತದೆಂದು ಕಂಡುಕೊಂಡರು. 1960ರಲ್ಲಿ ಡೆಲ್ಫೀನ್ ಪ್ಯಾರಟ್ ಹೆಪ್ಪುಗಟ್ಟಿಸಿದ ಅಂಡಾಶಯದ ತುಣುಕುಗಳನ್ನು ಇಲಿಗಳಿಗೆ ಕಸಿಮಾಡಿ ಮರಿಗಳನ್ನೂ ಪಡೆದರು. ಆದರೂ ನಿಜವಾದ ತಿರುವು 1994ರ ಕುರಿಯದೇ ಎಂಬುದು ನನ್ನ ನಿಲುವು. ಇಲಿಯ ಅಂಡಾಶಯ ಪುಟ್ಟದು, ಮೆತ್ತನೆಯದು. ರಕ್ಷಕ ದ್ರಾವಣ ಅದರೊಳಕ್ಕೆ ಸಲೀಸಾಗಿ ಇಳಿಯುತ್ತದೆ. ಕುರಿಯದು ಹೆಂಗಸಿನದರಂತೆ ದೊಡ್ಡದು, ನಾರುನಾರಾಗಿ ಬಿಗಿದದ್ದು. ರೋಜರ್ ಗಾಸ್ಡೆನ್ ಮತ್ತು ಸಂಗಡಿಗರು ಅದರ ಹೊರಪದರವನ್ನು ತೆಳ್ಳಗೆ ಹೆರೆದು, ರಕ್ಷಕ ದ್ರಾವಣವಾದ ಡೈಮೀಥೈಲ್ ಸಲ್ಫಾಕ್ಸೈಡ್‌ನಲ್ಲಿ ನೆನೆಸಿ, −196 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಅದೇ ಕುರಿಗೆ ಮರಳಿ ಹೊಲಿದರು. ಬಸಿರು ನಿಂತಿತು, ಮರಿ ಹುಟ್ಟಿತು.

ಇಲಿಯಲ್ಲಿ ಆದದ್ದೇ ಕುರಿಯಲ್ಲೂ ಆಯಿತು, ಹೊಸತೇನು ಎಂದು ಕೇಳಬಹುದು. ಹೊಸತಿರುವುದು ಗಾತ್ರದಲ್ಲಿ. ರಕ್ತನಾಳಗಳ ನಂಟು ಕಡಿದ ತುಣುಕಿಗೆ ಹೊಸ ನಾಳಗಳು ಚಿಗುರುವವರೆಗೆ ಉಸಿರಿಲ್ಲ. ಆ ಕೆಲವು ದಿನಗಳಲ್ಲಿ ಬಹಳಷ್ಟು ಅಂಡಕೋಶಗಳು ಸಾಯುತ್ತವೆ, ನಿಜ. ಆದರೆ ಹೊರಪದರದಲ್ಲಿ ನಿದ್ರಿಸುವ ಎಳೆಯ ಅಂಡಕೋಶಗಳಿಗೆ ಉಸಿರಿನ ಅಗತ್ಯವೇ ಕಡಿಮೆ, ಸಾಕಷ್ಟು ಉಳಿಯುತ್ತವೆ. ಇದನ್ನು ದೊಡ್ಡ ಪ್ರಾಣಿಯಲ್ಲಿ ಕಣ್ಣಾರೆ ತೋರಿಸಿದ್ದು ಕುರಿ. ಹತ್ತು ವರ್ಷಗಳ ಬಳಿಕ, 2004ರಲ್ಲಿ, ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಅಂಡಾಶಯದ ತುಣುಕುಗಳನ್ನು ತೆಗೆದಿರಿಸಿದ್ದ ಬೆಲ್ಜಿಯಂನ ಮಹಿಳೆಯೊಬ್ಬರು ಅವನ್ನು ಮರಳಿ ಕಸಿಮಾಡಿಸಿಕೊಂಡು ಮಗುವನ್ನು ಹೆತ್ತರು.