ಬಾಜೂ ಹೊಲದವರ ಹಕ್ಕು: ಪೆದ್ದೆಮುಲ್‌ನಿಂದ ಒಂದು ಪ್ರಶ್ನೆ

ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ನಮ್ಮೂರು ತಾಂಡೂರಿನ ಹತ್ತಿರದ ಪೆದ್ದೆಮುಲ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಹಳೇ ಹೊಲದ ಕಾಗದಗಳಲ್ಲಿ ಉರ್ದು. ಇವತ್ತಿನ ನನ್ನ ವಿಷಯ ಹುಟ್ಟಿದ್ದೂ ಹೊಲದಲ್ಲೇ.

ಎರಡು ವರ್ಷದ ಹಿಂದೆ ನಮ್ಮ ತೊಗರಿ ಹೊಲಕ್ಕೆ ಹತ್ತಿದ ಹೊಲವನ್ನು ಅದರ ಪಟ್ಟೇದಾರರು ಹೊರಗಿನವರಿಗೆ ಮಾರಿದರು. ನಮಗೆ ಗೊತ್ತಾದದ್ದು ತಂತಿಬೇಲಿ ಬಿದ್ದ ಮೇಲೆ. ಮುತ್ಯಾ ಒಂದೇ ಮಾತು ಹಿಡಿದು ಕೂತರು: "ಹೊಲ ಮಾರೂದಿದ್ರ ಮೊದ್ಲ ಬಾಜೂದವರಿಗಿ ಕೇಳಬೇಕು. ಅದು ನಮ್ಮ ಹಕ್ಕು." ಇದು ಹಕ್ಕೋ, ಬರೀ ರೂಢಿಯೋ ಅಂತ ಹುಡುಕುತ್ತಾ ಹೋದೆ.

ಮೊದಲು ಸಿಕ್ಕಿದ್ದು ನಮ್ಮ ಸೀಮೆಯದೇ ಗ್ರಂಥ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರಾ'. ಆ ಕಲ್ಯಾಣ ಇಂದಿನ ಬಸವಕಲ್ಯಾಣ. ಭೂಮಿ ಕೈ ಬದಲಾಗಲು ಊರವರು, ಜ್ಞಾತಿಗಳು, ಸಾಮಂತರು, ದಾಯಾದರು ಒಪ್ಪಬೇಕು, ಹೊನ್ನು ನೀರು ಕೊಡಬೇಕು ಅನ್ನುವ ಹಳೆಯ ಸ್ಮೃತಿವಚನವನ್ನು ಅದು ಚರ್ಚಿಸುತ್ತದೆ. ಸಾಮಂತ ಅಂದರೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ನೆನಪಾಗುವುದು ಮಾಂಡಲಿಕ ರಾಜ. ಇಲ್ಲಿ ಅದರ ಅರ್ಥ ಪಕ್ಕದ ಹೊಲದವನು, ಅಷ್ಟೇ. ಅವನ ಒಪ್ಪಿಗೆ ಯಾಕೆ ಬೇಕು? ಮುಂದೆ ಗಡಿಯ ಜಗಳ ಆಗಬಾರದು ಅಂತ. ಒಪ್ಪದಿದ್ದರೆ ಮಾರಾಟವೇ ಬಿದ್ದುಹೋಗುತ್ತದೆ ಎಂದು ವಿಜ್ಞಾನೇಶ್ವರ ಹೇಳುವುದಿಲ್ಲ. ಅಂದರೆ ಬಾಜೂದವನು ಇಲ್ಲಿ ಸಾಕ್ಷಿ. ಖರೀದಿಗೆ ಮೊದಲ ಹಕ್ಕುದಾರ ಅಲ್ಲ.

ಆ ಹಕ್ಕು ಬರುವುದು ಇನ್ನೊಂದು ಪರಂಪರೆಯಿಂದ: ಹನಫಿ ನ್ಯಾಯಶಾಸ್ತ್ರದ 'ಶುಫಾ'. ಅದರಲ್ಲಿ ಮೂರು ಬಗೆಯವರಿಗೆ ಹಕ್ಕುಂಟು. ಮೊದಲು ಆಸ್ತಿಯ ಪಾಲುದಾರ, ಆಮೇಲೆ ದಾರಿ, ನೀರು ಹಂಚಿಕೊಂಡವನು, ಕೊನೆಗೆ ನೆರೆಯವನು. ಮಾರಾಟದ ಸುದ್ದಿ ಕಿವಿಗೆ ಬಿದ್ದ ಕೂಡಲೇ "ನನಗೆ ಬೇಕು" ಅನ್ನಬೇಕು, ಸಾಕ್ಷಿಗಳ ಮುಂದೆ ಮತ್ತೆ ಹೇಳಬೇಕು, ಆಗದಿದ್ದರೆ ದಾವೆ ಹಾಕಬೇಕು. ಹೊರಗಿನವನು ಕೊಟ್ಟ ಬೆಲೆಯನ್ನೇ ಕೊಟ್ಟು ಅವನ ಜಾಗದಲ್ಲಿ ತಾನು ನಿಲ್ಲಬೇಕು. ತಡ ಮಾಡಿದರೆ ಹಕ್ಕು ಹೋಯಿತು. ನೆರೆಯವನ ಹಕ್ಕು ಮನೆ, ತೋಟ, ಸಣ್ಣ ತುಂಡುಗಳಿಗೆ ಮಾತ್ರ. ಇಡೀ ಗ್ರಾಮದಂಥ ದೊಡ್ಡ ಆಸ್ತಿಗಿಲ್ಲ. ಮುತ್ಯಾನ ವಾಕ್ಯವನ್ನು ಮತ್ತೊಮ್ಮೆ ನೋಡ್ರಿ. 'ಕೇಳಬೇಕು' ಅನ್ನುವುದು ಮಿತಾಕ್ಷರಕ್ಕೆ ಹತ್ತಿರ. 'ಹಕ್ಕು' ಶಬ್ದವೇ ಅರಬ್ಬಿಯಿಂದ ಬಂದದ್ದು.

ನಿಜಾಮರ ಆಳ್ವಿಕೆ ಮುಗಿದ ಮೇಲೆ 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ ಬಂತು. ರಕ್ಷಿತ ಗೇಣಿದಾರನ ಕೈಯಲ್ಲಿರುವ ಹೊಲ ಮಾರುವುದಾದರೆ ಮೊದಲು ಅವನಿಗೇ ನೋಟೀಸು ಕೊಡಬೇಕು, ಒಪ್ಪಿಗೆ ತಿಳಿಸಲು ಅವನಿಗೆ ಆರು ತಿಂಗಳು ಎಂಬ ನಿಯಮ ಅದರಲ್ಲಿ ಸೇರಿತು. ಮೊದಲ ಕೇಳುವಿಕೆ ಈಗ ಬಾಜೂದವನಿಗಲ್ಲ, ಉಳುವವನಿಗೆ. ಅತ್ತ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬಿಜಾಪುರ, ಬೆಳಗಾವಿಗಳಲ್ಲಿ 1947ರ ತುಂಡು ಭೂಮಿ ತಡೆ ಕಾಯ್ದೆ ಬೇರೆ ದಾರಿ ಹಿಡಿಯಿತು: ತೀರಾ ಸಣ್ಣ ತುಂಡನ್ನು ಮಾರುವುದಾದರೆ ಹತ್ತಿದ ಸರ್ವೇ ನಂಬರಿನವನಿಗೇ ಮಾರಬೇಕು. ಅಲ್ಲಿ ಬಾಜೂದವನಿಗೆ ಜಾಗ ಸಿಕ್ಕಿದ್ದು ಹೊಲ ಚೂರಾಗದಿರಲಿ ಎಂಬ ಕಾರಣಕ್ಕೆ.

1956ರ ನವೆಂಬರ್ 1ಕ್ಕೆ ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಹೋಯಿತು. ಜಹೀರಾಬಾದಿನ ಬಹುಭಾಗ, ನಾರಾಯಣಖೇಡ ಬೀದರಿನಿಂದ ಹೋದವು. ಆದರೆ ಬಾಜೂದವನ ಹಕ್ಕಿಗೆ ಕೊನೆಯ ಪೆಟ್ಟು ಬಿದ್ದದ್ದು ದಿಲ್ಲಿಯಲ್ಲಿ. 1962ರಲ್ಲಿ ಭಾವೂ ರಾಮ್ ವಿರುದ್ಧ ಬೈಜನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೀ ನೆರೆಯವನು ಅನ್ನುವ ಕಾರಣಕ್ಕೆ ಕೊಡುವ ಇಂಥ ಹಕ್ಕು ಸಂವಿಧಾನಕ್ಕೆ ವಿರುದ್ಧ ಎಂದಿತು. ಪಾಲುದಾರನ ಹಕ್ಕನ್ನು ಉಳಿಸಿತು. ಧರ್ಮ, ಜಾತಿಯ ಹೆಸರಲ್ಲಿ ಹೊರಗಿನವರನ್ನು ದೂರ ಇಡಲು ಈ ಹಕ್ಕು ಬಳಕೆಯಾಗುತ್ತಿತ್ತು ಎನ್ನುವುದು ಕೋರ್ಟಿನ ಮಾತು. ಒಟ್ಟಿಗೆ ಆಸ್ತಿ ಪಡೆದ ಮೊದಲ ವರ್ಗದ ವಾರಸುದಾರರ ನಡುವೆ ಮಾತ್ರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಇಂದಿಗೂ ಮೊದಲ ಅವಕಾಶ ಕೊಡುತ್ತದೆ. ಅದು ಕೃಷಿ ಜಮೀನಿಗೂ ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇಷ್ಟು ಓದಿಕೊಂಡು ಊರಿಗೆ ಹೋಗಿ ಮುತ್ಯಾಗೆ ಹೇಳಿದೆ, "ಆ ಹಕ್ಕು ಈಗ ಇಲ್ಲ" ಅಂತ. ಅವರು ಸುಮ್ಮನಾದರು. ಒಳಗಿದ್ದ ಅಮ್ಮಾಯಿ ಅಂದಳು: "ನಮ್ಮ ಕೆಳಗಿನ ಹೊಲ ಹ್ಯಾಂಗ ಬಂತು ಕೇಳು." ಆಗ ತಿಳೀತು. ನಮ್ಮ ಹೊಲದಲ್ಲೇ ಕೂಲಿ ಮಾಡುತ್ತಿದ್ದ ಒಂದು ದಲಿತ ಕುಟುಂಬ ಆ ಎರಡೆಕರೆಗೆ ಮುಂಗಡ ಕೊಡಲು ಹೊರಟಿತ್ತು. ಮುತ್ಯಾ ಮಾರುವವನ ಮನೆಗೆ ಹೋಗಿ, "ಬಾಜೂದವ ನಾ ಇರ್ತ ಅವರಿಗ್ಯಾಕ?" ಅಂದರು. ಅದೇ ಬೆಲೆಗೆ ಹೊಲ ನಮ್ಮದಾಯಿತು. ಕೋರ್ಟು ಬೇಕಾಗಲಿಲ್ಲ, ಕಾಗದ ಬೇಕಾಗಲಿಲ್ಲ. ತೀರ್ಪು ಬಂದು ಎಷ್ಟೋ ವರ್ಷ ಆಗಿತ್ತು.

ಈ ಪ್ರಬಂಧ ಶುರು ಮಾಡಿದಾಗ ನಾನು ಮುತ್ಯಾನ ವಕೀಲನಾಗಿದ್ದೆ. ಈಗ ಹಾಗೆ ಹೇಳಲಾರೆ. ಬೇಲಿ ಬಿದ್ದಾಗ ನಮಗೆ ನಿಜಕ್ಕೂ ಬೇಕಾಗಿದ್ದದ್ದು ಬಂಡಿ ಹೋಗುವ ದಾರಿ, ಬದುವಿನ ಗುರುತು, ಮುಂಚೆ ಒಂದು ಮಾತು. ಅಷ್ಟು ಕೇಳುವುದು ನ್ಯಾಯ ಅಂತ ಈಗಲೂ ನನಗನಿಸುತ್ತದೆ. ಯಾರು ಕೊಳ್ಳಬಾರದು ಅಂತ ಹೇಳುವುದು ಬೇರೆ. ವಿಜ್ಞಾನೇಶ್ವರ ಇವೆರಡನ್ನೂ ಬೇರೆ ಇಟ್ಟಿದ್ದ; ನಮ್ಮೂರಿನ ರೂಢಿ ಕೂಡಿಸಿಬಿಟ್ಟಿತ್ತು. ಕೆಳಗಿನ ಹೊಲ ಇನ್ನೂ ನಮ್ಮ ಹೆಸರಲ್ಲೇ ಇದೆ. ಅದರ ಬಗ್ಗೆ ಮನೆಯಲ್ಲಿ ಮಾತು ಈಗಷ್ಟೇ ಶುರುವಾಗಿದೆ.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.