ಬಿಯರಿನ ರುಚಿಗೆ ಬಾವಿಯೇ ಮೂಲ

ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯದು, ಸೋಪು ನೊರೆಯಾಗದು. ಭದ್ರಾವತಿಯ ಜನ್ನಾಪುರದಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಇಂಥ ನೀರು ಕಾಯಿಸುವ ಹಂಡೆಯ ತಳಕ್ಕೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಅಡುಗೆಮನೆಯ ಈ ತಲೆನೋವೇ ಬಿಯರಿನ ಇತಿಹಾಸವನ್ನೂ ರೂಪಿಸಿದೆ ಎಂದರೆ ಅಚ್ಚರಿಯಾದೀತು.

ಬಿಯರಿನಲ್ಲಿ ನೂರಕ್ಕೆ 90 ಪಾಲಿಗೂ ಮಿಕ್ಕಿ ಇರುವುದು ನೀರೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿದಾಗ, ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಇದಕ್ಕೆ ಆ ಮಿಶ್ರಣ ಕೊಂಚ ಆಮ್ಲೀಯವಾಗಿರಬೇಕು. ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟಿನಿಂದ ಬಂದದ್ದು ಆಮ್ಲೀಯತೆಯನ್ನು ತಗ್ಗಿಸುತ್ತದೆ. ಕಿಣ್ವಗಳ ಕೆಲಸ ಕುಂಠಿತವಾಗಿ, ಬಾರ್ಲಿ ಹೊಟ್ಟಿನ ಒಗರು ಪಾನೀಯಕ್ಕಿಳಿಯುತ್ತದೆ. ಜಿಪ್ಸಂನಿಂದ ಬಂದದ್ದು ಆಮ್ಲೀಯತೆಗೆ ನೆರವಾಗಿ, ಹಾಪ್ಸ್ ಹೂವಿನ ಕಹಿಗೆ ಚುರುಕು ಕೊಡುತ್ತದೆ.

ಲಂಡನ್ನಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಹುರಿದ ಕಪ್ಪು ಮಾಲ್ಟಿನ ಹುಳಿ ಅದನ್ನು ಸರಿದೂಗಿಸುತ್ತಿದ್ದುದರಿಂದ ಅಲ್ಲಿ ‘ಪೋರ್ಟರ್’ ಎಂಬ ಕಡುಬಣ್ಣದ ಬಿಯರ್ ಮೆರೆಯಿತು. ಬರ್ಟನ್ ಪಟ್ಟಣದ ಬಾವಿಗಳಲ್ಲಿ ಜಿಪ್ಸಂ ಧಾರಾಳ. 1820ರ ದಶಕದಲ್ಲಿ ಭಾರತದಲ್ಲಿದ್ದ ಬ್ರಿಟಿಷರಿಗೆಂದು ಅಲ್ಲಿಂದ ಹಡಗೇರಿದ ತಿಳಿಬಣ್ಣದ ಕಹಿ ಬಿಯರ್ ಹೆಸರು ಮಾಡಿತು. ಬೊಹೀಮಿಯದ ಪಿಲ್ಸೆನ್‌ನದು ಬಲು ಮೆದು ನೀರು. 1842ರಲ್ಲಿ ಅಲ್ಲಿ ಹೊನ್ನಿನ ಬಣ್ಣದ ಲಾಗರ್ ಹುಟ್ಟಿತು. ಬರ್ಟನ್ನಿನ ಗುಟ್ಟು ರಸಾಯನಶಾಸ್ತ್ರಕ್ಕೆ ಸಿಕ್ಕ ಮೇಲೆ, ಬೇರೆ ಊರಿನವರೂ ತಮ್ಮ ನೀರಿಗೆ ಜಿಪ್ಸಂ ಬೆರೆಸತೊಡಗಿದರು.

ಕರ್ನಾಟಕಕ್ಕೆ ಈ ಉದ್ಯಮ ಬಂದದ್ದು ದಂಡಿನೊಂದಿಗೆ. 1857ರಲ್ಲಿ ಸ್ಥಾಪನೆಯಾದ ಕ್ಯಾಸಲ್ ಬ್ರೂವರಿ ಸೇರಿದಂತೆ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಥಾಮಸ್ ಲೀಶ್ಮನ್ 1915ರಲ್ಲಿ ಒಂದುಗೂಡಿಸಿದಾಗ ಯುನೈಟೆಡ್ ಬ್ರೂವರೀಸ್ ರೂಪುಗೊಂಡಿತು. ಈಗ ನೀರಿನ ಲವಣಗಳನ್ನೆಲ್ಲ ಸೋಸಿ ತೆಗೆದು, ಬೇಕಾದಷ್ಟನ್ನು ಮತ್ತೆ ಸೇರಿಸುವ ವಿಧಾನವಿದೆ. ಹೀಗಾಗಿ ಯಾವ ಊರಿನ ಬಿಯರನ್ನು ಎಲ್ಲಿ ಬೇಕಾದರೂ ಮಾಡಬಹುದು.

ಬಿಯರ್ ತಯಾರಿಕೆ ಮನೆಯ ಹವ್ಯಾಸವಾಗಿರುವ ದೇಶಗಳಲ್ಲಿ ನೀರನ್ನು ಮೊದಲೇ ಕುದಿಸಿ ತಣಿಸಿ ಬಳಸುವುದುಂಟು. (ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.) ಕುದಿಸಿದಾಗ ಬೈಕಾರ್ಬೊನೇಟ್ ಸುಣ್ಣದ ರೂಪದಲ್ಲಿ ತಳ ಸೇರುತ್ತದೆ, ಹಂಡೆಯ ಬಿಳಿ ಪದರ ಇದೇ. ಜಿಪ್ಸಂ ಮಾತ್ರ ಕುದಿಸಿದರೂ ಹೋಗದು. ಆ ನೀರಿನಲ್ಲಿ ಬೇಳೆ ಬೇಯಿಸುವುದು ಕಷ್ಟವೇ. ಬರ್ಟನ್ನಿನವರಿಗಾದರೋ ಅದೇ ಬಂಡವಾಳವಾಯಿತು.