12345654321

ಒಂದರಿಂದ ಆರರವರೆಗೆ ಕ್ರಮವಾಗಿ ಏರಿ ಮತ್ತೆ ಒಂದಕ್ಕೆ ಇಳಿಯುವ ಅಂಕಗಳಿಂದಾದ, ಎಡಬಲಗಳಿಂದ ಏಕರೂಪವಾಗಿ ಓದಿಸಿಕೊಳ್ಳುವ ಹನ್ನೊಂದು ಸ್ಥಾನಗಳ ಪೂರ್ಣಾಂಕ. ಇಂದಿನ ಎಣಿಕೆಯಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಇದು 111111ರ ವರ್ಗ.

ಇತಿಹಾಸ: ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ ಸಂಸ್ಕೃತ ‘ಗಣಿತಸಾರಸಂಗ್ರಹ’ದಲ್ಲಿ, 27994681ನ್ನು 441ರಿಂದ ಗುಣಿಸಿದಾಗ ದೊರೆಯುವ ಲಬ್ಧವಾಗಿ ಈ ಸಂಖ್ಯೆ ಬರುತ್ತದೆ. 152207ನ್ನು 73ರಿಂದ ಗುಣಿಸಿ 11111111ನ್ನೂ, 142857143ನ್ನು 7ರಿಂದ ಗುಣಿಸಿ 1000000001ನ್ನೂ ಪಡೆಯುವ ಲೆಕ್ಕಗಳು ಇದರ ಒಡಹುಟ್ಟುಗಳು. ಇಂಥ ಲಬ್ಧಗಳಿಗೆ ಕಂಠಾಭರಣದ ಹೋಲಿಕೆ ಸಲ್ಲುತ್ತದೆ. ಆಚಾರ್ಯನು ಹೆಸರಿಸುವ 24 ಸ್ಥಾನಗಳ ಪೈಕಿ ಹನ್ನೊಂದನೆಯದು ಅರ್ಬುದವಾದುದರಿಂದ, ಪ್ರಕೃತ ಸಂಖ್ಯೆಯ ಎಡತುದಿಯ ಒಂದು ಅರ್ಬುದಸ್ಥಾನದಲ್ಲಿ ನಿಲ್ಲುತ್ತದೆ. ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.

ಮೇಲಿನ ಗುಣ್ಯವೂ ಗುಣಕವೂ ಪೂರ್ಣವರ್ಗಗಳೇ ಆಗಿರುವುದು ಗಮನಾರ್ಹ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಮೊದಲು 111111ನ್ನು 21 ಮತ್ತು 5291 ಎಂದು ಒಡೆದು, ಬಳಿಕ ಎರಡನ್ನೂ ವರ್ಗೀಕರಿಸಿ ಲೆಕ್ಕವನ್ನು ಕಟ್ಟಿರಬಹುದೆಂದು ಊಹಿಸಲು ಇದು ಎಡೆಗೊಡುತ್ತದೆ; ಊಹೆಗಿಂತ ಹೆಚ್ಚಿನದನ್ನು ಇದರಿಂದ ಹೇಳಲಾಗದು.

ರಚನೆ: ಆರು ಒಂದುಗಳನ್ನು ತಮ್ಮಿಂದಲೇ ಗುಣಿಸುವಾಗ ಯಾವ ಸ್ಥಾನದ ಮೊತ್ತವೂ ಆರನ್ನು ಮೀರದಿರುವುದರಿಂದ ಕೈಯಲ್ಲಿ ಹಿಡಿಯಬೇಕಾದ ದಶಕವೇ ಇಲ್ಲ, ಆದ್ದರಿಂದ ಏಳು ಅಥವಾ ಅದಕ್ಕೂ ಮಿಗಿಲಾದ ಯಾವುದೇ ಆಧಾರಸಂಖ್ಯೆಯಲ್ಲಿ ಇದೇ ಅಂಕಮಾಲೆ ವರ್ಗಸಂಖ್ಯೆಯೇ. ನಮ್ಮ ದಶಮಾನದಲ್ಲಿ ಈ ಸೊಗಸು ಒಂಬತ್ತು ಒಂದುಗಳವರೆಗೆ ನಡೆದು, ಹತ್ತನೆಯದರಲ್ಲಿ ಕೆಡುತ್ತದೆ.

ಭಾಜಕಗಳು: 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ, ಅದರ ವರ್ಗಕ್ಕೆ 243 ಭಾಜಕಗಳು. ಭಾಜಕಗಳೆಲ್ಲವನ್ನೂ, ಸಂಖ್ಯೆಯನ್ನೂ ಸೇರಿಸಿಕೊಂಡು, ಕೂಡಿದರೆ 25375524993 ಬರುತ್ತದೆ. ಇದು ಸಂಖ್ಯೆಯ ಇಮ್ಮಡಿಗಿಂತ 684216351ರಷ್ಟು ಹೆಚ್ಚು. ಭಾಜಕಮೊತ್ತ ಇಮ್ಮಡಿಯನ್ನು ಮೀರುವ, ಬೆಸಸಂಖ್ಯೆಗಳಲ್ಲಿ ವಿರಳವಾದ ‘ಅಧಿಕ’ ಸಂಖ್ಯೆಗಳ ಗುಂಪಿಗೆ ಇದು ಸೇರುತ್ತದೆ. ಆ ಗುಂಪಿನ ಅತಿ ಚಿಕ್ಕ ಬೆಸಸಂಖ್ಯೆ 945.

ಈ ಆಧಿಕ್ಯವು 37ರ ಕೊಡುಗೆ. ಅದರ ವರ್ಗದಿಂದ ಸಂಖ್ಯೆಯನ್ನು ಭಾಗಿಸಿದರೆ ಬರುವ 9018009ರ ಭಾಜಕಮೊತ್ತ 18035199, ಅಂದರೆ ಇಮ್ಮಡಿಗೆ 819 ಮಾತ್ರ ಕಡಿಮೆ. ಸಂಖ್ಯೆಯ ಇಮ್ಮಡಿಯೇ ಭಾಜಕಮೊತ್ತವಾದರೆ ಅದು ಪರಿಪೂರ್ಣ ಸಂಖ್ಯೆ. ಬೆಸವಾದ ಪರಿಪೂರ್ಣ ಸಂಖ್ಯೆಯೊಂದು ಉಂಟೋ ಇಲ್ಲವೋ ಎಂಬುದು ಇಂದಿಗೂ ಇತ್ಯರ್ಥವಾಗದ ಪ್ರಶ್ನೆ. ಫ್ರೆಂಚ್ ದಾರ್ಶನಿಕ ಡೇಕಾರ್ಟ್ 1638ರಲ್ಲಿ ಗಣಿತಜ್ಞ ಮೆರ್ಸೆನ್ನನಿಗೆ ಬರೆದ ಪತ್ರದಲ್ಲಿ, ಇದೇ 9018009ನ್ನು 22021ರಿಂದ ಗುಣಿಸಿ 198585576189 ಎಂಬ ವಿಚಿತ್ರ ಸಂಖ್ಯೆಯನ್ನು ಮುಂದಿಟ್ಟನು. ಮೇಲಿನ ಭಾಜಕಮೊತ್ತ 819ರ 22021 ಪಟ್ಟು, 9018009ರ ಇಮ್ಮಡಿ 819ರ 22022 ಪಟ್ಟು. ಆದಕಾರಣ 22021 ಅವಿಭಾಜ್ಯವಾಗಿದ್ದ ಪಕ್ಷದಲ್ಲಿ ಅದರ ಭಾಜಕಮೊತ್ತ 22022 ಆಗಿ, ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಸರಿಹೋಗುತ್ತಿತ್ತು. ಆದರೆ ಅದು 19ರ ವರ್ಗಕ್ಕೂ 61ಕ್ಕೂ ಒಡೆಯುವ ಸಂಖ್ಯೆ. ಅಮೋಘವರ್ಷನ ಕಾಲದ ಗುಣಾಕಾರಕ್ಕೂ ಈ ಪತ್ರಕ್ಕೂ ಚಾರಿತ್ರಿಕ ಸಂಬಂಧವನ್ನು ಕಲ್ಪಿಸಲು ಆಧಾರವಿಲ್ಲ. ಎರಡಕ್ಕೂ ಸಾಮಾನ್ಯವಾದುದು 3ರೊಡನೆ, 1001ನ್ನು ಒಡೆದಾಗ ಬರುವ 7, 11, 13.